ಮೂರು ಸದಸ್ಯರ ಎಟ್ಸಿಡಿ: ವಿಎಂಗಳಲ್ಲೇ ಇರಲೇ, ಕಂಟೈನರ್‌ಗೆ ಒಯ್ಯಲೇ?

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಅಪ್ಲಿಕೇಶನ್‌ಗಳ ಸೆಟ್ಟಿಂಗ್‌ಗಳನ್ನೂ ಲಾಕ್‌ಗಳನ್ನೂ ನೋಡಿಕೊಳ್ಳುವ ಎಟ್ಸಿಡಿ ಸೇವೆ ಮೂರು ವಿಎಂಗಳಲ್ಲಿ (ಸರ್ವರ್‌ನೊಳಗೆ ತನ್ನದೇ ಆಪರೇಟಿಂಗ್ ಸಿಸ್ಟಂನೊಂದಿಗೆ ಓಡುವ ವರ್ಚುವಲ್ ಯಂತ್ರಗಳಲ್ಲಿ), ಒಂದೊಂದರಲ್ಲಿ ಒಬ್ಬ ಸದಸ್ಯನಂತೆ, ಎಂದರೆ ಒಂದೇ ದತ್ತಾಂಶದ ಒಂದೊಂದು ಪ್ರತಿಯಂತೆ, ಓಡುತ್ತಿದೆ. ನಮ್ಮಲ್ಲಿರುವುದು ಮೂರು ಭೌತಿಕ ಸರ್ವರ್‌ಗಳು. ಉಳಿದ ಅಪ್ಲಿಕೇಶನ್‌ಗಳೆಲ್ಲ ಕಂಟೈನರ್‌ಗಳನ್ನು ಹಲವು ಯಂತ್ರಗಳಲ್ಲಿ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ ವೇದಿಕೆಗೆ ಹೋಗಿರುವುದರಿಂದ ಇದನ್ನೂ ಕಂಟೈನರ್‌ಗೆ (ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಅನ್ನೇ ಹಂಚಿಕೊಂಡು ಓಡುವ ಪೊಟ್ಟಣಕ್ಕೆ) ಒಯ್ಯಿರಿ ಎಂಬ ಒತ್ತಡವಿದೆ. ಒಯ್ದರೆ ವೈಫಲ್ಯವನ್ನು ತಾಳಿಕೊಳ್ಳುವ ಶಕ್ತಿ ಕುಗ್ಗುತ್ತದೆಯೇ? ಒಯ್ಯುವುದಾದರೆ ಯಾವ ಕ್ರಮದಲ್ಲಿ? ಸದಸ್ಯರ ಸಂಖ್ಯೆಯನ್ನು ಮೂರರಿಂದ ಐದಕ್ಕೆ ಏರಿಸಿದರೆ ಹೆಚ್ಚು ಸುರಕ್ಷಿತವಾಗುತ್ತದೆಯೇ?

ಉತ್ತರ: ಒಯ್ಯಬಹುದು. ಆದರೆ ಕುಬರ್ನೆಟಿಸ್ ಉಳಿದ ಅಪ್ಲಿಕೇಶನ್‌ಗಳಿಗೆ ತಾನಾಗಿಯೇ ಮಾಡಿಕೊಡುವ ಸಹಾಯಗಳಲ್ಲಿ ಬಹುಪಾಲನ್ನು ಈ ಒಂದು ಸೇವೆಯ ಮಟ್ಟಿಗೆ ತಡೆದು ನಿಲ್ಲಿಸಿದ ಮೇಲಷ್ಟೇ ಒಯ್ಯಬೇಕು. ಸಾಮಾನ್ಯ ವೆಬ್ ಅಪ್ಲಿಕೇಶನ್‌ಗೆ ತನ್ನ ಜೊತೆಗಾರರ ಅರಿವಿರುವುದಿಲ್ಲ. ಒಂದು ಪಾಡ್ (ಕುಬರ್ನೆಟಿಸ್ ಒಟ್ಟಾಗಿ ಓಡಿಸುವ ಕಂಟೈನರ್‌ಗಳ ಘಟಕ) ಸತ್ತರೆ ಇನ್ನೊಂದನ್ನು ಎಲ್ಲಾದರೂ ಎಬ್ಬಿಸಿ ನಿಲ್ಲಿಸುವ ಹೊಣೆ ವೇದಿಕೆಯದು. ಎಟ್ಸಿಡಿಯಂಥ ಸೇವೆ ಹಾಗಲ್ಲ. ಯಾರು ಬದುಕಿದ್ದಾರೆ, ಯಾರು ನಾಯಕ, ಯಾವ ಬರಹ ಖಚಿತವಾಯಿತು ಎಂಬುದನ್ನೆಲ್ಲ ಅದರ ಸದಸ್ಯರೇ ತಮ್ಮೊಳಗೆ ಬಹುಮತದಿಂದ ತೀರ್ಮಾನಿಸಿಕೊಳ್ಳುತ್ತಾರೆ. ಅಂಥ ಸೇವೆಯನ್ನು ಬಹುಮತದ ಲೆಕ್ಕವೇ ಗೊತ್ತಿಲ್ಲದ ಇನ್ನೊಂದು ದುರಸ್ತಿ ವ್ಯವಸ್ಥೆಯ ಕೈಗೆ ಕೊಡುವುದೆಂದರೆ, ಒಬ್ಬನೇ ರೋಗಿಗೆ ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಸದೆ ಮದ್ದು ಕೊಟ್ಟಂತೆ. ನಾನು ಕಂಡಮಟ್ಟಿಗೆ, ಕಂಟೈನರ್‌ಗೆ ಹೋಗಿ ಕೆಟ್ಟ ಕ್ಲಸ್ಟರ್‌ಗಳು (ಇಂಥ ಸದಸ್ಯರ ಗುಂಪುಗಳು) ಕಂಟೈನರ್ ಎಂಬ ತಂತ್ರದಿಂದ ಕೆಟ್ಟದ್ದು ಕಡಿಮೆ. ಈ ಎರಡನೆಯ ವೈದ್ಯನಿಂದ ಕೆಟ್ಟದ್ದೇ ಹೆಚ್ಚು.

ಇಂಥ ಸೇವೆ ತನ್ನ ಕೆಳಗಿನ ನೆಲೆಯಿಂದ ಏನನ್ನು ಬಯಸುತ್ತದೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಎಟ್ಸಿಡಿಯ ಒಳಗಿರುವುದು ರಾಫ್ಟ್ ಎಂಬ ಒಮ್ಮತದ ಕ್ರಮ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿಯಾಗೋ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ ಇದನ್ನು 2014ರಲ್ಲಿ ಪ್ರಕಟಿಸಿದರು. ಇಂಥದೇ ಬೇರೆ ಕ್ರಮಗಳಾದ ಲೆಸ್ಲಿ ಲ್ಯಾಂಪೋರ್ಟ್ ಅವರ ಪ್ಯಾಕ್ಸೋಸ್ ಆಗಲಿ, ಎಟ್ಸಿಡಿಯನ್ನು ಹೋಲುವ ಝೂಕೀಪರ್ ಸೇವೆ ಬಳಸುವ ಝ್ಯಾಬ್ ಆಗಲಿ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಒಂದು ವೈಫಲ್ಯವನ್ನು ತಾಳಲು ಮೂವರು ಸದಸ್ಯರು ಬೇಕು, ಎರಡನ್ನು ತಾಳಲು ಐವರು ಬೇಕು. ಈ ಲೆಕ್ಕ ಎಲ್ಲರಿಗೂ ಗೊತ್ತು. ಅದರ ಹಿಂದಿರುವ ಷರತ್ತುಗಳನ್ನು ಮಾತ್ರ ಹಲವರು ಮರೆಯುತ್ತಾರೆ. ಸದಸ್ಯನೊಬ್ಬ ಕುಸಿದು ಮತ್ತೆ ಎದ್ದಾಗ ತಾನು ಈಗಾಗಲೇ ಒಪ್ಪಿಕೊಂಡದ್ದನ್ನು ಮರೆತಿರಬಾರದು. ರಾಫ್ಟ್‌ನಲ್ಲಿ ಹೀಗೆ ಮರೆಯಬಾರದ ಸಂಗತಿಗಳು ಮೂರು, ಅವೆಂದರೆ ಸದ್ಯದ ಅವಧಿಯ (ಒಂದು ಚುನಾವಣೆಯಿಂದ ಮುಂದಿನದರವರೆಗಿನ ಕಾಲದ) ಸಂಖ್ಯೆ, ಆ ಅವಧಿಯಲ್ಲಿ ತಾನು ಯಾರಿಗೆ ಮತ ಹಾಕಿದೆ ಎಂಬುದು, ಮತ್ತು ಲಾಗ್, ಎಂದರೆ ಬಂದ ಬರಹಗಳ ಅನುಕ್ರಮ ದಾಖಲೆ. ಒಂದೇ ಗುರುತಿನಲ್ಲಿ ಇಬ್ಬರು ಓಡಾಡಬಾರದು. ಒಬ್ಬನ ಸಾವು ಇನ್ನೊಬ್ಬನ ಸಾವಿಗೆ ಕಾರಣವಾಗಬಾರದು. ಇವಿಷ್ಟೂ ದತ್ತಾಂಶದ ಸತ್ಯಕ್ಕೆ ಬೇಕಾದವು. ಕೆಲಸ ನಿಲ್ಲದೆ ಸಾಗಬೇಕಾದರೆ ಇವುಗಳ ಜೊತೆಗೆ ಸಮಯವೂ ಸಾಕಷ್ಟು ನೆಟ್ಟಗೆ ನಡೆಯಬೇಕು. ಕಂಟೈನರ್ ಒಂದು ಕಡೆ, ವಿಎಂ ಇನ್ನೊಂದು ಕಡೆ, ಈ ಷರತ್ತುಗಳಲ್ಲಿ ಬೇರೆ ಬೇರೆಯವನ್ನು ಮುರಿಯುತ್ತವೆ.

ಮರೆವಿನಿಂದ ಆಗುವ ಹಾನಿಯನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಸದಸ್ಯರು ಮೂವರು: ಕ, ಖ, ಗ. ನಾಯಕ ಕ. ಒಂದು ಬರಹ ಕ ಮತ್ತು ಖ ಇಬ್ಬರ ಡಿಸ್ಕಿಗೂ ಹೋಯಿತು. ಮೂವರಲ್ಲಿ ಇಬ್ಬರು ಒಪ್ಪಿದ್ದರಿಂದ ಅದು ಖಚಿತವಾಯಿತು, ಗ್ರಾಹಕನಿಗೆ ಉತ್ತರವೂ ಹೋಯಿತು. ಗ ಸ್ವಲ್ಪ ಹಿಂದೆ ಬಿದ್ದಿದ್ದಾನೆ. ಈಗ ಖ ಇದ್ದ ಕಂಟೈನರ್ ಮರಣಿಸಿ, ಅದೇ ಹೆಸರಿನಲ್ಲಿ, ಖಾಲಿ ಡಿಸ್ಕಿನೊಂದಿಗೆ ಇನ್ನೊಂದು ನೋಡ್‌ನಲ್ಲಿ (ಕುಬರ್ನೆಟಿಸ್‌ನ ಇನ್ನೊಂದು ಯಂತ್ರದಲ್ಲಿ) ಎದ್ದಿತೆನ್ನಿ. ಅದು ಹೊಸದಾಗಿ ಎಲ್ಲವನ್ನೂ ನಕಲಿಸಿಕೊಳ್ಳುವ ಮೊದಲೇ ಕ ಇರುವ ಸರ್ವರಿಗೆ ವಿದ್ಯುತ್ ಹೋಯಿತು. ಉಳಿದವರು ಖಾಲಿ ಖ ಮತ್ತು ಹಿಂದೆ ಬಿದ್ದ ಗ. ಇಬ್ಬರೂ ಸೇರಿದರೆ ಬಹುಮತ. ಗ ನಾಯಕನಾಗಲು ಖ ಮತ ಹಾಕುತ್ತಾನೆ, ಏಕೆಂದರೆ ಗ ಬಳಿಯಿರುವ ಲಾಗ್ ತನ್ನ ಖಾಲಿ ಲಾಗ್‌ಗಿಂತ ಹೊಸದು. ಗ್ರಾಹಕನಿಗೆ ಆಗಿದೆ ಎಂದು ಹೇಳಿದ ಬರಹ ಹೀಗೆ ಸದ್ದಿಲ್ಲದೆ ಇಲ್ಲವಾಯಿತು. ಯಾವ ಕ್ಷಣದಲ್ಲೂ ಒಬ್ಬರಿಗಿಂತ ಹೆಚ್ಚು ಸದಸ್ಯರು ಕೆಳಗೆ ಬಿದ್ದಿರಲಿಲ್ಲ ಎಂಬುದನ್ನು ಗಮನಿಸಿ. ಲೆಕ್ಕದ ಪ್ರಕಾರ ತಾಳಬೇಕಾಗಿದ್ದ ವೈಫಲ್ಯವದು.

ಕಂಟೈನರ್‌ನ ಮೂಲ ಸ್ವಭಾವವೇ ಮರೆವು. ಅದರ ಬರೆಯಬಹುದಾದ ಪದರ ಕಂಟೈನರ್ ಅಳಿದಾಗ ಅಳಿಯುತ್ತದೆ, ಪಾಡ್‌ಗೆ ತಾತ್ಕಾಲಿಕವಾಗಿ ಸಿಗುವ ಎಂಪ್ಟಿಡಿರ್ ವಾಲ್ಯೂಮ್ ಪಾಡ್‌ನೊಂದಿಗೆ ಹೋಗುತ್ತದೆ. ಎಟ್ಸಿಡಿ ಈ ಅಪಾಯವನ್ನು ತಕ್ಕಮಟ್ಟಿಗೆ ಬಲ್ಲುದು: ಹಳೆಯ ಗುರುತಿನ ಸದಸ್ಯ ಖಾಲಿ ಡೈರೆಕ್ಟರಿಯೊಂದಿಗೆ ಹೊಸ ಕ್ಲಸ್ಟರ್ ಕಟ್ಟಲು ಬಂದರೆ, ಈ ಸದಸ್ಯ ಈಗಾಗಲೇ ಕ್ಲಸ್ಟರ್‌ನಲ್ಲಿ ನೋಂದಾಯಿತ ಎಂಬರ್ಥದ ದೋಷ ತೋರಿಸಿ ನಿಂತುಬಿಡುತ್ತದೆ. ರಾತ್ರಿ ಪಾಳಿಯಲ್ಲಿರುವವರು ಈ ಸಂದೇಶವನ್ನು ಕಾಟವೆಂದು ತಿಳಿದು, ಆರಂಭದ ಸ್ಥಿತಿಯ ಆಯ್ಕೆಯನ್ನು ಬದಲಿಸಿ ಬಲವಂತವಾಗಿ ಒಳಗೆ ನೂಕಲು ಹೊರಡುತ್ತಾರೆ. ಹಾಗೆ ಮಾಡಬಾರದು. ಡಿಸ್ಕ್ ಕಳೆದುಕೊಂಡ ಸದಸ್ಯ ಸತ್ತಂತೆಯೇ ಲೆಕ್ಕ. ಅವನನ್ನು ಪಟ್ಟಿಯಿಂದ ತೆಗೆದು ಹೊಸ ಗುರುತಿನಲ್ಲಿ ಸೇರಿಸಬೇಕು. ಗೂಗಲ್‌ನ ಎಂಜಿನಿಯರ್‌ಗಳು ಪ್ಯಾಕ್ಸೋಸ್ ಅನ್ನು ನಿಜ ಬಳಕೆಗೆ ತಂದ ಅನುಭವವನ್ನು 2007ರಲ್ಲಿ ಬರೆದಾಗಲೂ ಇದೇ ಎಚ್ಚರ ಅಲ್ಲಿತ್ತು: ಡಿಸ್ಕ್ ಕೆಟ್ಟ ಸದಸ್ಯ ಮತ್ತೆ ಬಂದಾಗ, ತಾನು ಬಂದ ನಂತರ ಆರಂಭವಾದ ಒಂದು ಪೂರ್ಣ ಸುತ್ತನ್ನು ಕಣ್ಣಾರೆ ನೋಡುವವರೆಗೂ ಅವನಿಗೆ ಮತದಾನದ ಹಕ್ಕು ಇಲ್ಲ.

ಇದನ್ನು ಓದಿ ವಿಎಂ ಪಕ್ಷದವರು ಸಂತೋಷಪಡುವ ಮೊದಲು ಅವರ ಕಡೆಯ ಮರೆವನ್ನೂ ನೋಡಬೇಕು. ಅದು ಇನ್ನೂ ಕಪಟದ್ದು. ವಿಎಂ ತನ್ನ ಡಿಸ್ಕನ್ನು ಕಳೆದುಕೊಳ್ಳುವುದು ಅಪರೂಪ. ಆದರೆ ಯಾರೋ ಒಬ್ಬರು ನಿನ್ನೆಯ ಸ್ನ್ಯಾಪ್‌ಶಾಟ್‌ಗೆ (ಆ ಕ್ಷಣದ ಸ್ಥಿತಿಯ ಉಳಿಸಿದ ನಕಲಿಗೆ) ಮರಳಿಸಿದರೆ ಅದು ನಿನ್ನೆಗೆ ಹೋಗುತ್ತದೆ, ಹೋದೆನೆಂಬ ಅರಿವೂ ಅದಕ್ಕೆ ಇರುವುದಿಲ್ಲ. ಏಳನೆಯ ಅವಧಿಯಲ್ಲಿ ಒಬ್ಬನಿಗೆ ಮತ ಹಾಕಿದ ಸದಸ್ಯ, ಹಿಂದಕ್ಕೆ ಹೋಗಿ, ಅದೇ ಏಳನೆಯ ಅವಧಿಯಲ್ಲಿ ಇನ್ನೊಬ್ಬನಿಗೆ ಮತ ಹಾಕಬಲ್ಲ. ಒಂದೇ ಅವಧಿಗೆ ಇಬ್ಬರು ನಾಯಕರು ಎಂದಮೇಲೆ ರಾಫ್ಟ್‌ನ ಯಾವ ಭರವಸೆಯೂ ಉಳಿಯುವುದಿಲ್ಲ. ಇದು ಬರಿಯ ಊಹೆಯ ಅಪಾಯವಲ್ಲ. ಸಂಸ್ಥೆಯ ಬಳಕೆದಾರರ ಖಾತೆಗಳನ್ನು ಹಿಡಿದಿಡುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ, ಅದರ ಪ್ರತಿಗಳನ್ನು ಹೊತ್ತ ಡೊಮೇನ್ ಕಂಟ್ರೋಲರ್ ವಿಎಂಗಳನ್ನು ಹಳೆಯ ಸ್ನ್ಯಾಪ್‌ಶಾಟ್‌ಗೆ ಮರಳಿಸಿ ಪ್ರತಿಗಳು ಒಂದಕ್ಕೊಂದು ತಾಳೆಯಾಗದಂತೆ ಕೆಟ್ಟ ಪ್ರಕರಣಗಳು ಎಷ್ಟು ಸಾಮಾನ್ಯವಾಗಿದ್ದವೆಂದರೆ, ವಿಂಡೋಸ್ ಸರ್ವರ್ 2012ರಲ್ಲಿ ಅದಕ್ಕೆಂದೇ ಒಂದು ಪೀಳಿಗೆ ಸಂಖ್ಯೆಯನ್ನು ತರಬೇಕಾಯಿತು; ವಿಎಂ ಹಿಂದಕ್ಕೆ ಹೋದಾಗ ಅದನ್ನು ಓಡಿಸುವ ತಂತ್ರಾಂಶವಾದ ಹೈಪರ್‌ವೈಸರ್ ಆ ಸಂಖ್ಯೆಯನ್ನು ಬದಲಿಸುತ್ತದೆ, ಒಳಗಿನ ಸೇವೆ ಅದನ್ನು ಕಂಡು ಎಚ್ಚರಗೊಳ್ಳುತ್ತದೆ. ಎಟ್ಸಿಡಿಯ ಬ್ಯಾಕಪ್ ಅದರದೇ ಸ್ನ್ಯಾಪ್‌ಶಾಟ್ ಆದೇಶದಿಂದ ಆಗಬೇಕು, ವಿಎಂ ಮಟ್ಟದ ಸ್ನ್ಯಾಪ್‌ಶಾಟ್‌ನಿಂದ ಅಲ್ಲ. ನಿಮ್ಮ ಮೂರು ವಿಎಂಗಳಿಗೂ ರಾತ್ರಿ ಒಂದೇ ಹೊತ್ತಿಗೆ ಸ್ನ್ಯಾಪ್‌ಶಾಟ್ ತೆಗೆಯುವ ಹಳೆಯ ವ್ಯವಸ್ಥೆಯೇನಾದರೂ ಇದ್ದರೆ ಇಂದೇ ನಿಲ್ಲಿಸಿ. ಆ ಕ್ಷಣದಲ್ಲಿ ಮೂವರೂ ಒಟ್ಟಿಗೆ ಹೆಪ್ಪುಗಟ್ಟುತ್ತಾರೆ.

ಡಿಸ್ಕಿನ ವಿಷಯದಲ್ಲೇ ಇನ್ನೊಂದು ಮಾತು. ಬರಹವನ್ನು ಡಿಸ್ಕಿಗೆ ಇಳಿಸುವ ಎಫ್‌ಸಿಂಕ್ ಆದೇಶ ಬರೆದೆ ಎಂದು ಹೇಳಿದಾಗ ಅದು ನಿಜವಾಗಿಯೂ ಬರೆದಿರಬೇಕು. ವಿಎಂ ಓಡಿಸುವ ಕ್ಯೂಎಂಯು ತಂತ್ರಾಂಶದಲ್ಲಿ ಡಿಸ್ಕಿನ ಕ್ಯಾಶ್ ಆಯ್ಕೆಯನ್ನು ಅನ್‌ಸೇಫ್ ಎಂದು ಇಟ್ಟರೆ ಒಳಗಿನ ವಿಎಂ ಕಳಿಸುವ ಫ್ಲಶ್ ಆದೇಶವನ್ನು ಹೊರಗಿನ ಹೋಸ್ಟ್ ಕಡೆಗಣಿಸುತ್ತದೆ. ವೇಗ ಚೆನ್ನಾಗಿ ಕಾಣುತ್ತದೆ, ವಿದ್ಯುತ್ ಹೋದ ದಿನ ಗೊತ್ತಾಗುತ್ತದೆ. ನೋಡ್‌ನ ಡಿಸ್ಕನ್ನೇ ನೇರವಾಗಿ ಬಳಸುವ ಕಂಟೈನರ್‌ಗೆ ನಡುವೆ ಈ ಪದರವಿರುವುದಿಲ್ಲ. ಇದು ಕಂಟೈನರ್ ಪರವಾಗಿ ಹೇಳಬೇಕಾದ ಅಂಶ.

ಇನ್ನು ಸಮಯ. ಎಟ್ಸಿಡಿಯ ಮೂಲ ಸೆಟ್ಟಿಂಗ್‌ನಲ್ಲಿ ನಾಯಕ 100 ಮಿಲಿಸೆಕೆಂಡಿಗೊಮ್ಮೆ ತಾನಿದ್ದೇನೆ ಎಂದು ತಿಳಿಸುತ್ತಾನೆ. 1000 ಮಿಲಿಸೆಕೆಂಡಿನವರೆಗೆ ಸುದ್ದಿ ಇಲ್ಲದಿದ್ದರೆ ಉಳಿದವರು ಚುನಾವಣೆಗೆ ಹೊರಡುತ್ತಾರೆ. ವಿಎಂನಲ್ಲಿ ಈ ಗಡುವು ತಪ್ಪುವುದು ಓಡುತ್ತಿರುವಾಗಲೇ ಬೇರೆ ಹೋಸ್ಟಿಗೆ ಸಾಗಿಸುವ ಲೈವ್ ಮೈಗ್ರೇಶನ್‌ನ ಕೊನೆಯ ನಿಲುಗಡೆಯಲ್ಲಿ, ಮೆಮೊರಿಸಹಿತ ಸ್ನ್ಯಾಪ್‌ಶಾಟ್‌ನಲ್ಲಿ, ಅಥವಾ ಒಂದೇ ಹೋಸ್ಟಿನ ಮೇಲೆ ಅಳತೆ ಮೀರಿ ವಿಎಂಗಳನ್ನು ತುಂಬಿ ಸಿಪಿಯು ಸಿಗದೆ ಕಾಯುವಾಗ. ಕಂಟೈನರ್‌ನಲ್ಲಿ ತಪ್ಪುವ ಬಗೆ ಬೇರೆ. ಪಾಡ್‌ಗೆ ಒಂದು ಸಿಪಿಯು ಎಂದು ಮಿತಿ ಹಾಕಿದಿರಿ ಎನ್ನಿ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅದನ್ನು ಪ್ರತಿ 100 ಮಿಲಿಸೆಕೆಂಡಿನಲ್ಲಿ 100 ಮಿಲಿಸೆಕೆಂಡಿನ ಕೆಲಸ ಎಂದು ಲೆಕ್ಕ ಹಾಕುತ್ತದೆ. ಎಂಟು ಥ್ರೆಡ್‌ಗಳು ಎಂಟು ಕೋರ್‌ಗಳಲ್ಲಿ ಒಟ್ಟಿಗೆ ಓಡಿದರೆ ಆ ಪಾಲು 12.5 ಮಿಲಿಸೆಕೆಂಡಿನಲ್ಲೇ ಮುಗಿದು, ಉಳಿದ 87.5 ಮಿಲಿಸೆಕೆಂಡು ಇಡೀ ಪಾಡ್ ನಿಂತಿರುತ್ತದೆ. ಹೋಸ್ಟ್ ಮುಕ್ಕಾಲು ಖಾಲಿ ಇದ್ದರೂ ನಿಲ್ಲುತ್ತದೆ. ಇಷ್ಟರಿಂದಲೇ ಚುನಾವಣೆ ನಡೆದುಬಿಡುವುದಿಲ್ಲ; ಆದರೆ ಇದರ ಮೇಲೆ ನಿಧಾನವಾದ ಡಿಸ್ಕೂ, ಹಿಂದುಳಿದ ಕೆಲಸದ ರಾಶಿಯೂ ಸೇರಿಕೊಂಡರೆ ನಾಯಕತ್ವ ಆಗಾಗ ಕೈ ಬದಲಾಗಲು ತೊಡಗುತ್ತದೆ. ಆದ್ದರಿಂದ ಎಟ್ಸಿಡಿ ಪಾಡ್‌ಗೆ ಸಿಪಿಯು ಕೋರಿಕೆಯನ್ನು (ಖಾತ್ರಿಯಾಗಿ ಬೇಕೆಂದು ಕೇಳುವ ಪಾಲನ್ನು) ಧಾರಾಳವಾಗಿ ಇಡಿ, ಸಿಪಿಯು ಮಿತಿಯನ್ನು ಹಾಕಬೇಡಿ. ಮೆಮೊರಿಯಲ್ಲಿ ಮಾತ್ರ ಕೋರಿಕೆಯೂ ಮಿತಿಯೂ ಒಂದೇ ಆಗಿರಲಿ.

ನಿಂತು ಎದ್ದ ನಾಯಕನ ಬಗ್ಗೆ ಒಂದು ತಪ್ಪು ಭಯವಿದೆ, ಅದರ ಪಕ್ಕದಲ್ಲೇ ಒಂದು ಸರಿಯಾದ ಭಯವೂ ಇದೆ. ಐದು ಸೆಕೆಂಡು ಹೆಪ್ಪುಗಟ್ಟಿ ಎದ್ದ ಹಳೆಯ ನಾಯಕ ತಾನಿನ್ನೂ ನಾಯಕನೆಂದು ಭಾವಿಸಿ ಬರೆಯಲು ಹೋದರೂ ಬಹುಮತ ಅವನಿಗೆ ಒಪ್ಪಿಗೆ ಕೊಡುವುದಿಲ್ಲ. ಎಟ್ಸಿಡಿಯ ಸಾಮಾನ್ಯ ಓದುವಿಕೆಯೂ ಬಹುಮತವನ್ನು ಕೇಳಿಯೇ ಉತ್ತರಿಸುತ್ತದೆ. ಅಲ್ಲಿ ಹೆದರಬೇಕಾದ್ದಿಲ್ಲ. ಹೆದರಬೇಕಾದ್ದು ಲಾಕ್ ಹಿಡಿದ ನಿಮ್ಮ ಅಪ್ಲಿಕೇಶನ್ ಹೆಪ್ಪುಗಟ್ಟಿದಾಗ. ಅದರ ಲೀಸ್ (ಲಾಕ್ ಹಿಡಿಯಲು ಕೊಟ್ಟ ಕಾಲಮಿತಿ) ಮುಗಿದು ಲಾಕ್ ಬೇರೆಯವರಿಗೆ ಹೋಗಿರುತ್ತದೆ, ಅದು ಎದ್ದು ಏನೂ ಆಗದಂತೆ ಡೇಟಾಬೇಸ್‌ಗೆ ಬರೆಯುತ್ತದೆ. ಇದಕ್ಕೆ ಮದ್ದು ಕಂಟೈನರೂ ಅಲ್ಲ, ವಿಎಂ ಕೂಡ ಅಲ್ಲ: ಲಾಕ್ ಜೊತೆಗೆ ಏರುತ್ತ ಹೋಗುವ ಒಂದು ಸಂಖ್ಯೆಯನ್ನು ಕೊಟ್ಟು, ಹಳೆಯ ಸಂಖ್ಯೆಯೊಂದಿಗೆ ಬಂದ ಬರಹವನ್ನು ಡೇಟಾಬೇಸ್ ಕಡೆಯಲ್ಲೇ ತಿರಸ್ಕರಿಸಬೇಕು. ಪ್ರತಿ ಬದಲಾವಣೆಗೂ ಏರುವ ಎಟ್ಸಿಡಿಯ ರಿವಿಷನ್ ಸಂಖ್ಯೆ ಈ ಕೆಲಸಕ್ಕೆ ಸಾಕು.

ವೈಫಲ್ಯಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಇರಬೇಕು ಎಂಬ ಷರತ್ತಿನಲ್ಲಿ ಎರಡೂ ಕಡೆಯವರು ಎಡವುತ್ತಾರೆ. ಕಂಟೈನರ್‌ಗಳು ಹೋಸ್ಟಿನ ಕರ್ನಲನ್ನೇ ಹಂಚಿಕೊಳ್ಳುತ್ತವೆ. ಕರ್ನಲ್ ಕುಸಿದರೆ ಅದರ ಮೇಲಿನವೆಲ್ಲ ಕುಸಿಯುತ್ತವೆ, 2022ರ ಡರ್ಟಿ ಪೈಪ್‌ನಂಥ ಭದ್ರತಾ ದೋಷವಿದ್ದರೆ ಒಂದು ಕಂಟೈನರ್‌ನಲ್ಲಿ ಕಾಲಿಟ್ಟವರು ಹೋಸ್ಟಿನವರೆಗೂ ಹೋಗಬಲ್ಲರು. ವಿಎಂಗೆ ತನ್ನದೇ ಕರ್ನಲ್ ಇರುವುದರಿಂದ ಗೋಡೆ ದಪ್ಪ. ಆದರೆ ಪ್ರತಿ ಸದಸ್ಯನೂ ಬೇರೆ ಭೌತಿಕ ಸರ್ವರ್‌ನಲ್ಲಿದ್ದರೆ ಈ ವ್ಯತ್ಯಾಸ ಬಹಳಮಟ್ಟಿಗೆ ಕರಗುತ್ತದೆ, ಏಕೆಂದರೆ ಒಂದು ಕರ್ನಲ್ ಹೋದರೆ ಹೋಗುವುದು ಒಬ್ಬ ಸದಸ್ಯ ಮಾತ್ರ. ಬದಲಿಗೆ ಮೂರು ವಿಎಂಗಳು ಮೂರು ಸರ್ವರ್‌ಗಳಲ್ಲಿದ್ದೂ ಮೂರರ ಡಿಸ್ಕೂ ಒಂದೇ ಸ್ಯಾನ್ ಪೆಟ್ಟಿಗೆಯಲ್ಲಿದ್ದರೆ (ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಸ್ಟೋರೇಜ್), ಅದು ಕಾಗದದ ಮೇಲೆ ಮಾತ್ರ ಮೂರು. ನಿಮ್ಮಲ್ಲಿ ಹೀಗಿದೆಯೇ ಎಂದು ಮೊದಲು ನೋಡಿ. ಕಂಟೈನರ್ ಚರ್ಚೆಗಿಂತ ಇದು ದೊಡ್ಡದು. ಕುಬರ್ನೆಟಿಸ್ ನೋಡ್‌ಗಳೇ ವಿಎಂಗಳಾಗಿದ್ದರೆ ಇನ್ನೊಂದು ಬಲೆಯಿದೆ: ಮೂರು ಪಾಡ್‌ಗಳು ಮೂರು ನೋಡ್‌ಗಳಲ್ಲಿವೆ ಎಂದು ಕುಬರ್ನೆಟಿಸ್ ಪ್ರಾಮಾಣಿಕವಾಗಿ ಹೇಳುತ್ತದೆ, ಆ ಮೂರು ನೋಡ್‌ಗಳಲ್ಲಿ ಎರಡು ಒಂದೇ ಭೌತಿಕ ಸರ್ವರ್‌ನಲ್ಲಿವೆ ಎಂಬುದು ಅದಕ್ಕೆ ಗೊತ್ತೇ ಇರುವುದಿಲ್ಲ. ಭೌತಿಕ ಸರ್ವರ್‌ನ ಹೆಸರನ್ನು ನೋಡ್‌ಗೆ ಲೇಬಲ್ ಆಗಿ ಹಾಕಿ, ಆ ಲೇಬಲ್ ಮೇಲೆ ಇಬ್ಬರು ಸದಸ್ಯರನ್ನು ಒಂದೇ ಕಡೆ ಇಡಬೇಡ ಎನ್ನುವ ಕಡ್ಡಾಯದ ಪಾಡ್ ಆಂಟಿ-ಅಫಿನಿಟಿ ನಿಯಮ ಬರೆಯಬೇಕು. ಸಾಧ್ಯವಾದರೆ ಪಾಲಿಸು ಎಂಬ ಮೆದು ನಿಯಮ ಇಲ್ಲಿ ನಿಯಮವೇ ಅಲ್ಲ, ಏಕೆಂದರೆ ಅದು ಮುರಿಯುವುದು ಸರ್ವರ್ ಒಂದು ಬಿದ್ದ ದಿನವೇ.

ನೆಟ್‌ವರ್ಕ್ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 2020ರ ನವೆಂಬರ್ 2ರಂದು ಕ್ಲೌಡ್‌ಫ್ಲೇರ್‌ನಲ್ಲಿ ಒಂದು ಸ್ವಿಚ್ ಪೂರ್ತಿ ಸಾಯದೆ ಅರ್ಧ ಕೆಟ್ಟಾಗ, ಎಟ್ಸಿಡಿಯ ಒಬ್ಬ ಸದಸ್ಯನಿಗೆ ನಾಯಕ ಕಾಣಿಸದೆ ಇನ್ನೊಬ್ಬ ಸದಸ್ಯ ಮಾತ್ರ ಕಾಣಿಸುತ್ತಿದ್ದುದರಿಂದ ಮತ್ತೆ ಮತ್ತೆ ಚುನಾವಣೆ ನಡೆದು ಬರಹಗಳು ಸಾಗದಂತಾದವು ಎಂದು ಆ ಕಂಪನಿಯೇ ವಿವರವಾಗಿ ಬರೆದಿದೆ. ಪಾಡ್ ನೆಟ್‌ವರ್ಕ್ ಎಂಬ ಹೆಚ್ಚುವರಿ ಪದರ ಇಂಥ ಅರೆಬರೆ ವೈಫಲ್ಯಕ್ಕೆ ಇನ್ನೊಂದು ತಾಣ. ಎಟ್ಸಿಡಿಗೆ ಹೋಸ್ಟ್ ನೆಟ್‌ವರ್ಕನ್ನೇ ಕೊಡುವುದು ನನ್ನ ಆಯ್ಕೆ.

ಈಗ ಎರಡನೆಯ ವೈದ್ಯನಿಗೆ ಬರೋಣ. ಕಂಟೈನರ್ ಸರಿಯಾಗಿ ಉತ್ತರಿಸದಿದ್ದರೆ ಕೊಂದು ಮತ್ತೆ ಎಬ್ಬಿಸುವ ಕುಬರ್ನೆಟಿಸ್‌ನ ಲೈವ್‌ನೆಸ್ ತಪಾಸಣೆಯನ್ನು ತೆಗೆದುಕೊಳ್ಳಿ. ಎಟ್ಸಿಡಿಯ ಸಾಮಾನ್ಯ ಆರೋಗ್ಯ ವಿಳಾಸವನ್ನು ಕೇಳಿದರೆ, ಕ್ಲಸ್ಟರ್‌ಗೆ ನಾಯಕನಿದ್ದು ಬಹುಮತ ಸಿಗುತ್ತಿದ್ದರೆ ಮಾತ್ರ ಅದು ಸರಿ ಎನ್ನುತ್ತದೆ. ಇದನ್ನೇ ಲೈವ್‌ನೆಸ್‌ಗೆ ಜೋಡಿಸಿದರೆ, ಇಬ್ಬರು ಸದಸ್ಯರು ನೆಟ್‌ವರ್ಕ್ ತೊಂದರೆಯಿಂದ ದೂರವಾದಾಗ ಏನೂ ತಪ್ಪಿಲ್ಲದ ಮೂರನೆಯವನನ್ನೂ, ಪ್ರತಿ ನೋಡ್‌ನಲ್ಲಿದ್ದು ಅಲ್ಲಿನ ಪಾಡ್‌ಗಳನ್ನು ನೋಡಿಕೊಳ್ಳುವ ಕ್ಯುಬ್‌ಲೆಟ್ ಕೊಂದು ಮತ್ತೆ ಎಬ್ಬಿಸುತ್ತದೆ, ಮತ್ತೆ ಕೊಲ್ಲುತ್ತದೆ. ಪ್ರತಿ ಸಲವೂ ಮರುಪ್ರಯತ್ನದ ನಡುವಿನ ಅಂತರ ಬೆಳೆಯುತ್ತ, ನೆಟ್‌ವರ್ಕ್ ಸರಿಹೋದ ಮೇಲೂ ಕ್ಲಸ್ಟರ್ ಏಳಲು ತಡವಾಗುತ್ತದೆ. ಲೈವ್‌ನೆಸ್ ಕೇಳಬೇಕಾದದ್ದು ಈ ಪ್ರಕ್ರಿಯೆ ಉತ್ತರಿಸುತ್ತಿದೆಯೇ ಎಂಬುದನ್ನಷ್ಟೇ, ಕ್ಲಸ್ಟರ್ ಕ್ಷೇಮವೇ ಎಂಬುದನ್ನಲ್ಲ. ಕ್ಲಸ್ಟರ್‌ನ ಕ್ಷೇಮ, ಪಾಡ್‌ಗೆ ಕೆಲಸ ಕಳಿಸಬಹುದೇ ಎಂದು ನೋಡುವ ರೆಡಿನೆಸ್ ತಪಾಸಣೆಗೆ ಸೇರಿದ್ದು. ಅಲ್ಲೂ ಒಂದು ಸೂಕ್ಷ್ಮವಿದೆ: ಸಿದ್ಧನಾಗದ ಪಾಡ್‌ನ ವಿಳಾಸವನ್ನು, ಪಾಡ್‌ಗಳ ವಿಳಾಸಗಳನ್ನು ನೇರವಾಗಿ ತಿಳಿಸುವ ಹೆಡ್‌ಲೆಸ್ ಸರ್ವೀಸ್ ಮೂಲ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್‌ಗೆ (ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ) ಕೊಡುವುದಿಲ್ಲ, ಸದಸ್ಯರು ಒಬ್ಬರನ್ನೊಬ್ಬರು ಕಾಣದೆ ಸಿದ್ಧರಾಗುವುದೂ ಇಲ್ಲ. ಸಿದ್ಧವಾಗದವರ ವಿಳಾಸವನ್ನೂ ಪ್ರಕಟಿಸು ಎಂಬ ಆಯ್ಕೆಯನ್ನು ಆನ್ ಮಾಡದಿದ್ದರೆ ಕ್ಲಸ್ಟರ್ ಮೊದಲ ದಿನವೇ ಕೂತಲ್ಲೇ ಕೂತಿರುತ್ತದೆ.

ನೋಡ್ ಬಿದ್ದಾಗಿನ ನಡವಳಿಕೆ ಇನ್ನೂ ಮುಖ್ಯ. ನೋಡ್ ಉತ್ತರಿಸದೆ ಹೋದರೆ ಕುಬರ್ನೆಟಿಸ್ ಸಾಮಾನ್ಯವಾಗಿ 300 ಸೆಕೆಂಡು ಕಾದು ಅದರ ಪಾಡ್‌ಗಳನ್ನು ತೆಗೆಯಲು ಗುರುತು ಹಾಕುತ್ತದೆ. ಪಾಡ್‌ಗಳ ಗುರುತನ್ನು ಲೆಕ್ಕಿಸದ ಡಿಪ್ಲಾಯ್‌ಮೆಂಟ್ ಎಂಬ ಬಗೆಯಾಗಿದ್ದರೆ ಹೊಸ ಪಾಡ್ ಬೇರೆಡೆ ಏಳುತ್ತದೆ. ಆದರೆ 2017ರ ಕೊನೆಯಲ್ಲಿ 1.9ನೆಯ ಆವೃತ್ತಿಯಲ್ಲಿ ಸ್ಥಿರವಾದ, ಪ್ರತಿ ಪಾಡ್‌ಗೂ ಬದಲಾಗದ ಹೆಸರು ಕೊಡುವ ಸ್ಟೇಟ್‌ಫುಲ್‌ಸೆಟ್, ಹಳೆಯ ಪಾಡ್ ನಿಜವಾಗಿ ಸತ್ತಿದೆ ಎಂದು ಖಚಿತವಾಗುವವರೆಗೂ ಅದೇ ಹೆಸರಿನ ಇನ್ನೊಂದನ್ನು ಎಬ್ಬಿಸುವುದಿಲ್ಲ. ಹಳೆಯದು ಟರ್ಮಿನೇಟಿಂಗ್ ಸ್ಥಿತಿಯಲ್ಲೇ ಗಂಟೆಗಟ್ಟಲೆ ನಿಂತಿರುತ್ತದೆ. ಇದು ದೋಷವಲ್ಲ. ಸಂಪರ್ಕ ಕಡಿದ ನೋಡ್‌ನಲ್ಲಿ ಹಳೆಯ ಸದಸ್ಯ ಇನ್ನೂ ಓಡುತ್ತಿರಬಹುದು. ಒಂದೇ ಗುರುತಿನಲ್ಲಿ ಇಬ್ಬರು ಆಗಬಾರದು ಎಂಬ ಷರತ್ತನ್ನು ಕುಬರ್ನೆಟಿಸ್ ಇಲ್ಲಿ ಸರಿಯಾಗಿಯೇ ಕಾಯುತ್ತಿದೆ. ಅವಸರದಲ್ಲಿ ಬಲವಂತದ ಅಳಿಸುವಿಕೆ ಮಾಡುವವರು ಆ ಕಾವಲನ್ನು ತಾವೇ ಮುರಿಯುತ್ತಾರೆ. ಮೂವರಲ್ಲಿ ಇಬ್ಬರು ಬದುಕಿರುವಾಗ ಸೇವೆ ನಡೆಯುತ್ತಲೇ ಇರುತ್ತದೆ, ಆದ್ದರಿಂದ ಅವಸರಕ್ಕೆ ಕಾರಣವೇ ಇಲ್ಲ. ಮೊದಲು ಆ ಸರ್ವರಿನ ವಿದ್ಯುತ್ ಆರಿಸಿ, ಆರಿದೆ ಎಂದು ಕಣ್ಣಾರೆ ನೋಡಿ, ಆಮೇಲೆ ಅಳಿಸಿ.

ಎಷ್ಟು ಪಾಡ್‌ಗಳನ್ನು ಒಟ್ಟಿಗೆ ನಿಲ್ಲಿಸಬಹುದು ಎಂದು ಹೇಳುವ ಪಾಡ್ ಡಿಸ್‌ರಪ್ಷನ್ ಬಜೆಟ್‌ನಲ್ಲಿ ಒಮ್ಮೆಗೆ ಒಂದು ಮಾತ್ರ ಎಂದು ಬರೆಯುವುದು ಕಡ್ಡಾಯ. ಆದರೆ ಅದು ತಡೆಯುವುದು ನೋಡ್ ಖಾಲಿ ಮಾಡುವಂಥ ಉದ್ದೇಶಪೂರ್ವಕ ಕೆಲಸಗಳನ್ನು ಮಾತ್ರ. ತಾನಾಗಿ ಬೀಳುವ ಸರ್ವರ್ ಬಜೆಟ್ ಕೇಳುವುದಿಲ್ಲ.

ಹಾಗಾದರೆ ಕಂಟೈನರ್‌ನಲ್ಲಿ ಇಂಥ ಸೇವೆ ಓಡಿಸುವುದೇ ತಪ್ಪೇ ಎಂದರೆ, ಅಲ್ಲ ಎಂಬುದಕ್ಕೆ ಕುಬರ್ನೆಟಿಸ್‌ನಲ್ಲೇ ಸಾಕ್ಷಿಯಿದೆ. ಕ್ಯುಬ್‌ಅಡ್ಮಿನ್ ಎಂಬ ಸಾಧನ ಕಟ್ಟುವ ಕ್ಲಸ್ಟರ್‌ಗಳಲ್ಲಿ ಕುಬರ್ನೆಟಿಸ್‌ನ ಸ್ವಂತ ಸ್ಥಿತಿಯನ್ನೆಲ್ಲ ಹಿಡಿದಿಟ್ಟಿರುವ ಎಟ್ಸಿಡಿ ಓಡುವುದು ಕಂಟೈನರ್‌ನಲ್ಲಿಯೇ. ಆದರೆ ಹೇಗೆ ಓಡುತ್ತದೆ ನೋಡಿ: ಅದು ಸ್ಟ್ಯಾಟಿಕ್ ಪಾಡ್, ಅದನ್ನು ಶೆಡ್ಯೂಲರ್ (ಯಾವ ಪಾಡ್ ಯಾವ ನೋಡ್‌ಗೆ ಎಂದು ನಿರ್ಧರಿಸುವ ಭಾಗ) ಎಲ್ಲಿಗೂ ಎತ್ತಿ ಒಯ್ಯುವುದಿಲ್ಲ, ಆ ನೋಡ್‌ನ ಕ್ಯುಬ್‌ಲೆಟ್ ಮಾತ್ರ ಅದನ್ನು ನೋಡಿಕೊಳ್ಳುತ್ತದೆ, ದತ್ತಾಂಶ ಆ ನೋಡ್‌ನ ಸ್ವಂತ ಡಿಸ್ಕಿನಲ್ಲಿ, ಸಾಮಾನ್ಯವಾಗಿ ವಾರ್ ಲಿಬ್ ಎಟ್ಸಿಡಿ ಡೈರೆಕ್ಟರಿಯಲ್ಲಿರುತ್ತದೆ, ನೆಟ್‌ವರ್ಕ್ ಹೋಸ್ಟಿನದೇ. ಕಂಟೈನರ್ ಇಲ್ಲಿ ಪ್ಯಾಕೇಜಿಂಗ್ ಮಾತ್ರ, ಅಲೆದಾಟದ ಪರವಾನಗಿ ಅಲ್ಲ. ಕುಬರ್ನೆಟಿಸ್ ಕಟ್ಟಿದವರೇ ತಮ್ಮ ಎಟ್ಸಿಡಿಯನ್ನು ತಮ್ಮ ಶೆಡ್ಯೂಲರ್ ಕೈಗೆ ಕೊಟ್ಟಿಲ್ಲ ಎಂಬುದನ್ನು ನಿಮ್ಮ ಮೇಲಧಿಕಾರಿಗಳಿಗೆ ಹೇಳಿ. ಉಳಿದ ವಾದಕ್ಕಿಂತ ಇದು ಬೇಗ ಅರ್ಥವಾದೀತು.

ಹಾಗೆ ಕಟ್ಟಿ ನಿಲ್ಲಿಸಿದ ಕಂಟೈನರ್‌ನಿಂದ ಲಾಭಗಳೂ ಇವೆ. ಮೂವರು ಸದಸ್ಯರಿರುವಾಗ ಒಬ್ಬ ಕೆಳಗಿದ್ದಷ್ಟು ಹೊತ್ತೂ ನಿಮಗೆ ಇನ್ನೊಂದು ವೈಫಲ್ಯವನ್ನು ತಾಳುವ ಶಕ್ತಿ ಇರುವುದಿಲ್ಲ, ಆದ್ದರಿಂದ ಆ ಹೊತ್ತು ಚಿಕ್ಕದಾದಷ್ಟೂ ಒಳ್ಳೆಯದು. ಕಂಟೈನರ್ ಕೆಲವೇ ಸೆಕೆಂಡುಗಳಲ್ಲಿ ಏಳುತ್ತದೆ. ವಿಎಂ ತನ್ನ ಆಪರೇಟಿಂಗ್ ಸಿಸ್ಟಂ ಸಮೇತ ಏಳಬೇಕು. ಮೂವರಲ್ಲೂ ಬೈಟ್ ಬೈಟ್‌ಗೆ ಒಂದೇ ಇಮೇಜ್ ಇರುತ್ತದೆ, ಮೂರು ವಿಎಂಗಳು ವರ್ಷಗಳಲ್ಲಿ ಮೂರು ದಾರಿ ಹಿಡಿಯುವ ರೋಗ ಇಲ್ಲಿಲ್ಲ. ವೇಗದಲ್ಲಿ, 2014ರಲ್ಲಿ ಐಬಿಎಂ ಸಂಶೋಧಕರು ಡಾಕರ್ (ಕಂಟೈನರ್) ಮತ್ತು ಕೆವಿಎಂ (ವಿಎಂ) ಎರಡನ್ನೂ ಅಳೆದು ಬರೆದ ವರದಿಯಲ್ಲಿ ಕಂಟೈನರ್‌ಗಳು ಹೆಚ್ಚುಕಡಿಮೆ ಎಲ್ಲ ಪರೀಕ್ಷೆಗಳಲ್ಲೂ ವಿಎಂಗಳಿಗೆ ಸಮನಾಗಿ ಅಥವಾ ಮೇಲಾಗಿ ನಿಂತವು. ಎಟ್ಸಿಡಿಗೆ ಈ ಅಂತರ ದೊಡ್ಡದೇನಲ್ಲ. ಅದರ ವೇಗವನ್ನು ನಿರ್ಧರಿಸುವುದು ಡಿಸ್ಕಿನ ಎಫ್‌ಸಿಂಕ್. ಕಾಟಾ ಕಂಟೈನರ್ಸ್, ಫೈರ್‌ಕ್ರ್ಯಾಕರ್ ಮುಂತಾದ ಪುಟ್ಟ ವಿಎಂಗಳು ಎರಡರ ನಡುವಿನ ದಾರಿಯಾದರೂ, ಒಬ್ಬರೇ ಬಳಸುವ ಸರ್ವರ್‌ಗಳಲ್ಲಿ ನಿಮಗೆ ಅವುಗಳ ಅಗತ್ಯ ನನಗೆ ಕಾಣುತ್ತಿಲ್ಲ. ಸೇವೆಯ ಬದಲು ಇಡೀ ವಿಎಂ ಅನ್ನೇ ಎರಡು ಪ್ರತಿಯಲ್ಲಿ ಓಡಿಸುವ, ವಿಎಂವೇರ್ 2009ರಲ್ಲಿ ತಂದ ಫಾಲ್ಟ್ ಟಾಲರೆನ್ಸ್‌ನಂಥ ವಿಧಾನವೂ ಇದೆ. ರೆಪ್ಲಿಕಾಗಳ ಅರಿವೇ ಇಲ್ಲದ ಹಳೆಯ ತಂತ್ರಾಂಶಕ್ಕೆ ಅದು ವರ. ಆದರೆ ತಂತ್ರಾಂಶದ ದೋಷದಿಂದ ಒಂದು ಪ್ರತಿ ಕುಸಿದರೆ ಇನ್ನೊಂದು ಪ್ರತಿಯೂ ಅದೇ ಹೆಜ್ಜೆಯಲ್ಲಿ ಕುಸಿಯುತ್ತದೆ.

ನಿಮ್ಮ ಸಂದರ್ಭಕ್ಕೆ ನನ್ನ ಸಲಹೆ ಹೀಗಿದೆ. ಈಗಿನ ವಿಎಂಗಳು ಬೇರೆ ಬೇರೆ ಸರ್ವರ್‌ಗಳಲ್ಲಿ, ಬೇರೆ ಬೇರೆ ಡಿಸ್ಕ್‌ಗಳ ಮೇಲೆ ಇದ್ದು ತೊಂದರೆ ಕೊಡುತ್ತಿಲ್ಲವಾದರೆ ಒಯ್ಯದೆ ಇರುವುದೂ ಗೌರವದ ನಿರ್ಧಾರವೇ. ಎಲ್ಲವೂ ಒಂದೇ ವೇದಿಕೆಯಲ್ಲಿರಲಿ ಎಂಬ ಆಸೆ ಆಡಳಿತಕ್ಕೆ ಅನುಕೂಲ, ಅಷ್ಟೇ. ನಿಮ್ಮ ಅಪ್ಲಿಕೇಶನ್‌ಗಳ ಎಟ್ಸಿಡಿಯೂ ಕುಬರ್ನೆಟಿಸ್‌ನ ಒಳಗೆ ಹೋದರೆ, ಕುಬರ್ನೆಟಿಸ್ ಕೆಟ್ಟ ದಿನ ಎರಡೂ ಒಟ್ಟಿಗೆ ಕೆಡುತ್ತವೆ ಎಂಬ ಹೊಸ ಸಂಬಂಧವೂ ಹುಟ್ಟುತ್ತದೆ. ಒಯ್ಯಲೇಬೇಕಾದರೆ ಪ್ರತಿ ಸರ್ವರ್‌ನಲ್ಲೂ ಲೋಕಲ್ ಪರ್ಸಿಸ್ಟೆಂಟ್ ವಾಲ್ಯೂಮ್ (ಆ ಸರ್ವರ್‌ನದೇ ಡಿಸ್ಕಿನಲ್ಲಿ ಪಾಡ್ ಹೋದರೂ ಉಳಿಯುವ ಜಾಗ) ಕೊಡಿ. ಮೂರು ಪ್ರತಿ ಇಡುವ ಸೆಫ್‌ನಂಥ ಸ್ಟೋರೇಜ್ ಮೇಲೆ ಮೂರು ಪ್ರತಿ ಇಡುವ ಎಟ್ಸಿಡಿಯನ್ನು ಕೂರಿಸಿದರೆ ಒಂದೇ ಮಾಹಿತಿಗೆ ಒಂಬತ್ತು ಪ್ರತಿಗಳಾಗುತ್ತವೆ, ಪ್ರತಿ ಬರಹವೂ ಎರಡು ಸಲ ನೆಟ್‌ವರ್ಕ್ ಸುತ್ತುತ್ತದೆ, ತಾಳುವ ಶಕ್ತಿ ಮಾತ್ರ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಸ್ಥಳಾಂತರವನ್ನು ಒಬ್ಬೊಬ್ಬರಂತೆ ಮಾಡಿ. ಮೊದಲು ಎಟ್ಸಿಡಿಯದೇ ಸ್ನ್ಯಾಪ್‌ಶಾಟ್ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ಮರಳಿ ಏರಿಸಿ ನೋಡಿ. ಏರದ ಬ್ಯಾಕಪ್ ಬ್ಯಾಕಪ್ಪಲ್ಲ. ಬಳಿಕ ಹೊಸ ಕಂಟೈನರ್ ಸದಸ್ಯನನ್ನು ಲರ್ನರ್ ಆಗಿ ಸೇರಿಸಿ. 2019ರ 3.4ನೆಯ ಆವೃತ್ತಿಯಿಂದ ಇರುವ ಈ ಸೌಲಭ್ಯದಲ್ಲಿ ಹೊಸಬ ಎಲ್ಲವನ್ನೂ ನಕಲಿಸಿಕೊಳ್ಳುತ್ತಾನೆ, ಆದರೆ ಮತದಾರರ ಲೆಕ್ಕಕ್ಕೆ ಬರುವುದಿಲ್ಲ. ಅವನು ಸಮಕ್ಕೆ ಬಂದ ಮೇಲೆ ಮತದಾರನನ್ನಾಗಿಸಿ, ಕೂಡಲೇ ಒಬ್ಬ ಹಳೆಯ ವಿಎಂ ಸದಸ್ಯನನ್ನು ತೆಗೆಯಿರಿ. ನಾಲ್ವರಿರುವ ಸ್ಥಿತಿಯಲ್ಲಿ ಬಹುಮತಕ್ಕೆ ಮೂವರು ಬೇಕಾಗಿರುವುದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಇದು ಎಲ್ಲರೂ ಬದುಕಿರುವಾಗಿನ ಕ್ರಮ. ಸದಸ್ಯನೊಬ್ಬ ಸತ್ತಿರುವಾಗ ಕ್ರಮ ತಿರುಗುಮುರುಗು. ಮೊದಲು ಸತ್ತವನನ್ನು ತೆಗೆದು ಆಮೇಲೆ ಹೊಸಬನನ್ನು ಸೇರಿಸಬೇಕು, ಇಲ್ಲವಾದರೆ ನಾಲ್ವರ ಪಟ್ಟಿಯಲ್ಲಿ ಬದುಕಿರುವವರು ಇಬ್ಬರೇ ಆಗಿ, ಹೊಸಬನ ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದರೂ ಬಹುಮತ ಕೈತಪ್ಪಿ ಆ ತಪ್ಪನ್ನು ತಿದ್ದಲೂ ಆಗದ ಸ್ಥಿತಿ ಬರುತ್ತದೆ. ಸದಸ್ಯರ ವಿಳಾಸಗಳಿಗೆ ಐಪಿ ಬದಲು ಡಿಎನ್‌ಎಸ್ ಹೆಸರುಗಳನ್ನು ಬಳಸಿ, ಆ ಹೆಸರುಗಳು ಟಿಎಲ್‌ಎಸ್ ಪ್ರಮಾಣಪತ್ರದಲ್ಲೂ ಇರಲಿ.

ಎರಡು ಅಳತೆಗಳನ್ನು ಒಯ್ಯುವ ಮೊದಲು ವಿಎಂನಲ್ಲಿ, ಒಯ್ದ ಮೇಲೆ ಕಂಟೈನರ್‌ನಲ್ಲಿ ತೆಗೆದು ಹೋಲಿಸಿ: ಲಾಗ್‌ನ ಎಫ್‌ಸಿಂಕ್ ನೂರರಲ್ಲಿ 99 ಸಲ 10 ಮಿಲಿಸೆಕೆಂಡಿನೊಳಗೆ ಮುಗಿಯಬೇಕು, ನಾಯಕ ಬದಲಾದ ಎಣಿಕೆ ಸುಮ್ಮನಿರಬೇಕು. ಜೊತೆಗೆ ಬೇಕೆಂದೇ ಕೆಡಿಸಿ ನೋಡಿ. ನಾಯಕನ ಪ್ರಕ್ರಿಯೆಗೆ ಸ್ಟಾಪ್ ಸಿಗ್ನಲ್ ಕಳಿಸಿ ಐದು ಸೆಕೆಂಡಿನ ನಂತರ ಮುಂದುವರಿಸಿ. ಒಂದು ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತು, ಆರು ನಿಮಿಷ ಕಾಯಿರಿ. ಐದು ನಿಮಿಷದ ಗಡುವು ದಾಟಿದ ಮೇಲೆ ಕುಬರ್ನೆಟಿಸ್ ಏನು ಮಾಡಲು ಹೊರಡುತ್ತದೆ ಎಂಬುದು ನೋಡಬೇಕಾದದ್ದು, ಆದ್ದರಿಂದ ಎರಡು ನಿಮಿಷಕ್ಕೇ ಕೇಬಲ್ ಮರಳಿ ಹಾಕುವ ಪರೀಕ್ಷೆ ಏನನ್ನೂ ಹೇಳುವುದಿಲ್ಲ.

ಕೊನೆಯದಾಗಿ, ಐವರು ಸದಸ್ಯರ ಪ್ರಶ್ನೆ. ಮೂರು ಭೌತಿಕ ಸರ್ವರ್‌ಗಳ ಮೇಲೆ ಐವರನ್ನು ಹಂಚಿದರೆ ಎರಡು, ಎರಡು, ಒಂದು ಎಂದಾಗುತ್ತದೆ. ಇಬ್ಬರಿರುವ ಸರ್ವರ್ ಬಿದ್ದರೆ ಮೂವರು ಉಳಿದು ಬಹುಮತ ನಿಲ್ಲುತ್ತದೆ. ಯಾವ ಎರಡು ಸರ್ವರ್‌ಗಳು ಬಿದ್ದರೂ ಬಹುಮತ ಹೋಗುತ್ತದೆ. ಅಂದರೆ ಸರ್ವರ್‌ಗಳ ಲೆಕ್ಕದಲ್ಲಿ ತಾಳುವುದು ಮೊದಲಿನಂತೆ ಒಂದನ್ನೇ, ಪ್ರತಿ ಬರಹಕ್ಕೆ ಮಾತ್ರ ಇಬ್ಬರ ಬದಲು ಮೂವರ ಒಪ್ಪಿಗೆಗೆ ಕಾಯಬೇಕು. ಒಂದೇ ಸರ್ವರ್‌ನಲ್ಲಿರುವ ಇಬ್ಬರು ಒಂದೇ ಡಿಸ್ಕಿಗೆ ಎಫ್‌ಸಿಂಕ್ ಮಾಡುತ್ತ ಒಬ್ಬರನ್ನೊಬ್ಬರು ನಿಧಾನಗೊಳಿಸುವುದು ಬೇರೆ. ಪ್ರಕ್ರಿಯೆಗಳು ಬಿಡಿಬಿಡಿಯಾಗಿ ಸಾಯುವುದರ ವಿರುದ್ಧ ಸ್ವಲ್ಪ ರಕ್ಷಣೆ ಹೆಚ್ಚುತ್ತದೆ ನಿಜ, ಆದರೆ ಆ ಕೆಲಸವನ್ನು ಕೆಲವು ಸೆಕೆಂಡುಗಳ ಮರುಪ್ರಾರಂಭವೇ ಮಾಡುತ್ತದೆ. ಇನ್ನೂ ಎರಡು ಸರ್ವರ್‌ಗಳು ಬರುವವರೆಗೆ, ಅವೂ ಬೇರೆ ವಿದ್ಯುತ್ ಸಾಲು ಮತ್ತು ಬೇರೆ ಸ್ವಿಚ್ ಮೇಲೆ ನಿಲ್ಲುವವರೆಗೆ, ಮೂವರಲ್ಲೇ ಇರಿ.